ಹತ್ತೊಂಬತ್ತನೆಯ ಸೋಲು

"ಆರು ಗೆಲುವು, ಹದಿನೆಂಟು ಸೋಲು. ಇದರ ಮೇಲೆ ಮಾತಾಡೋಕೆ ಇನ್ನೇನಿದೆ ಹೇಳು," ಅಂದ ಗ್ರೇಡಿ ಪ್ರೂಯಿಟ್.

ಅವನ ಕೆನ್ನೆಯ ತುಂಬ ಸೋಪಿನ ನೊರೆ, ನನ್ನ ಕೈಯಲ್ಲಿ ಕತ್ತಿ. ಹಾಗಿದ್ದರೂ ಬಾಯಿ ಮುಚ್ಚಿಕೊಂಡಿರುವ ಜಾತಿಯವನಲ್ಲ ಗ್ರೇಡಿ. ನಮ್ಮ ಬ್ರಷಿ ಫೋರ್ಕಿನ ಹತ್ತಿ ಗಿರಣಿಗೆ ಅವನು ಮೇಲ್ವಿಚಾರಕ. ಗಿರಣಿಯ ಬೇಸ್‌ಬಾಲ್ ತಂಡಕ್ಕೂ ಅವನೇ ಯಜಮಾನ. ನಾನು ಕ್ಷೌರದವನು, ಎಲ್ಬರ್ಟ್ ಟೀಗ್. ಇಪ್ಪತ್ತೆರಡು ವರ್ಷದಿಂದ ಇದೇ ಅಂಗಡಿ, ಇದೇ ಕುರ್ಚಿ. ಆಟವಿದ್ದ ದಿನ ನಾಲ್ಕು ಗಂಟೆಗೆ ಬಾಗಿಲು ಹಾಕಿ, ಮೈದಾನದಲ್ಲಿ ಜನ ಕೂರುವ ಕಟ್ಟೆಯ ಚಾವಣಿಯ ಮೇಲಿರುವ ಮರದ ಗೂಡು ಹತ್ತಿ ಕೂತು ಆಟದ ಲೆಕ್ಕ ಬರೆಯುವುದೂ ನನ್ನದೇ ಕೆಲಸ. ಹನ್ನೊಂದು ವರ್ಷದಿಂದ ಬರೆಯುತ್ತ ಬಂದಿದ್ದೆ. ಶಾಲೆಯಲ್ಲಿ ಆರನೇ ಕ್ಲಾಸು ದಾಟದವನಿಗೆ ಅದು ಸಣ್ಣ ಗೌರವವಲ್ಲ.

ಗ್ರೇಡಿ ಹೇಳುತ್ತಿದ್ದದ್ದು ನಮ್ಮ ಪಿಚರ್ ಡ್ಯೂಯಿ ಸ್ಟ್ಯಾಂಪರನ ವಿಷಯ. ಸ್ಟ್ಯಾಂಪರ್ ಕೆಂಟಕಿಯ ಗುಡ್ಡದ ಕಡೆಯವನು. ಅಪ್ಪನನ್ನೂ ಇಬ್ಬರು ಅಣ್ಣಂದಿರನ್ನೂ ಕಲ್ಲಿದ್ದಲ ಗಣಿ ನುಂಗಿತ್ತು. ತಾನೂ ಆರು ವರ್ಷ ಒಳಗಿಳಿದು ಎದೆ ಕೆಡಿಸಿಕೊಂಡು, ಹೆಂಡತಿ ಓಪಲ್‌ಳನ್ನು ಕಟ್ಟಿಕೊಂಡು ಕಳೆದ ಚಳಿಗಾಲದಲ್ಲಿ ಇಲ್ಲಿಗೆ ಬಂದಿದ್ದ. ಚೆಂಡು ಎಸೆಯುವವನಿಗೆ ನಮ್ಮ ಗಿರಣಿ ಬೇಸಿಗೆಯಲ್ಲಿ ಹಗುರ ಕೆಲಸ ಕೊಡುತ್ತದೆ. ಬೇಲಿಗೆ ಬಣ್ಣ ಹೊಡೆಯುವುದು, ಅಂಗಳ ಗುಡಿಸುವುದು, ಇಂಥದ್ದು. ತಂಡದಿಂದ ಹೆಸರು ಹೋಯಿತೋ, ಮಾರನೇ ದಿನವೇ ಕಾರ್ಡ್ ರೂಮು. ಹತ್ತಿ ಬಾಚುವ ಆ ಕೋಣೆಯಲ್ಲಿ ಹಗಲೂ ಮಂಜು ಬಿದ್ದ ಹಾಗೆ ಬಿಳಿ ಧೂಳು. ಗಟ್ಟಿ ಎದೆಯವರೇ ಹದಿನೈದು ವರ್ಷಕ್ಕೆ ಮೆಟ್ಟಿಲ ಮಧ್ಯೆ ಕೂತು ಉಸಿರು ಹುಡುಕುತ್ತಾರೆ. ಸ್ಟ್ಯಾಂಪರನ ಎದೆಗೆ ಕಿವಿಗೊಟ್ಟ ಡಾಕ್ಟರು, ಅಲ್ಲಿ ಎರಡು ಚಳಿಗಾಲ ಕಳೆದರೆ ಮೂರನೆಯದನ್ನು ನೋಡುವುದು ಅನುಮಾನ ಅಂದಿದ್ದರು. ಬೇಡವೆನ್ನುವ ಹಾಗೂ ಇಲ್ಲ. ಗಿರಣಿಯ ಕೆಲಸ ಬಿಟ್ಟರೆ ಗಿರಣಿಯ ಮನೆಯನ್ನೂ ಬಿಡಬೇಕು, ಓಪಲ್‌ಗೆ ಆಗ ಏಳು ತಿಂಗಳು.

ಕಾಲೇಜಿನ ಹುಡುಗನೊಬ್ಬ ಬರುತ್ತಿದ್ದಾನೆ, ಅವನಿಗೆ ಜಾಗ ಬೇಕು, ಶನಿವಾರ ಸ್ಟ್ಯಾಂಪರನ ಹೆಸರು ಹೊಡೆಯುತ್ತೇನೆ ಅಂದ ಗ್ರೇಡಿ. ಆದರೆ ನಡುವೆ ಒಂದು ಗುರುವಾರವಿತ್ತು. ನಮಗಿಂತ ಎರಡು ಮೆಟ್ಟಿಲು ಮೇಲಿನ ತಂಡವೊಂದು ಪಿಚರನ ಹುಡುಕಾಟದಲ್ಲಿತ್ತು. ಅವರ ಕಡೆಯ ಕೆಸ್ಲರ್ ಎಂಬುವರು ಗುರುವಾರದ ಆಟಕ್ಕೆ ಬರುತ್ತೇನೆಂದು ಬರೆದಿದ್ದರು. ಅವರ ಮನಸ್ಸಿಗೆ ಬಂದರೆ ಸ್ಟ್ಯಾಂಪರ್ ಹೆಂಡತಿಯನ್ನು ಕರೆದುಕೊಂಡು ರೈಲು ಹತ್ತುತ್ತಾನೆ. ಬರದಿದ್ದರೆ ಸೋಮವಾರ ಕಾರ್ಡ್ ರೂಮು.

ನಾನು ಗ್ರೇಡಿಯ ಗಲ್ಲ ಕೆರೆಯುತ್ತಲೇ ವಾದಕ್ಕಿಳಿದೆ. ಹದಿನೆಂಟರಲ್ಲಿ ಎಂಟು ಸೋಲು ಒಂದೇ ಓಟದ ಅಂತರದ್ದು, ಆ ಎಂಟರಲ್ಲಿ ನಮ್ಮವರು ಬ್ಯಾಟು ಹಿಡಿದು ಗಳಿಸಿದ್ದು ಎಲ್ಲ ಸೇರಿ ಐದು ಓಟ. ಪಿಚರ್ ಓಟ ತಡೆದಾನು, ನಮ್ಮ ಪಾಲಿನ ಓಟವನ್ನೂ ಅವನೇ ಹೆರಬೇಕೇ ಎಂದು ಕೇಳಿದೆ. ಗೆಲ್ಲುವವನು ಹೇಗಾದರೂ ಗೆಲ್ಲುತ್ತಾನೆ ಅಂದ ಗ್ರೇಡಿ. ಗಿರಣಿ ನಡೆಸುವವರೆಲ್ಲ ನಂಬುವ ಮಾತು ಇದು.

ನನ್ನ ಲೆಕ್ಕ ಬೇರೆ. ಪಿಚರ್ ಎಂಥವನು ಅಂತ ತಿಳಿಯಬೇಕಾದರೆ ನಾನು ಅವನನ್ನು ನೋಡುವುದಿಲ್ಲ, ಎದುರು ನಿಂತವನ ಕೈ ನೋಡುತ್ತೇನೆ. ಸ್ಟ್ಯಾಂಪರನ ಚೆಂಡು ಹೊಡೆದವರು ಓಡುತ್ತಲೇ ಕೈ ಒದರುತ್ತಿದ್ದರು, ಬಿಸಿ ಬಾಣಲೆ ಮುಟ್ಟಿದವರ ಹಾಗೆ. ಆ ಚೆಂಡು ನೇರ ಬಂದು, ಕೊನೇ ಗಳಿಗೆಯಲ್ಲಿ, ಕತ್ತಲಲ್ಲಿ ಮೆಟ್ಟಿಲು ತಪ್ಪಿದವನ ಹಾಗೆ ಧೊಪ್ಪನೆ ಕೆಳಗಿಳಿಯುತ್ತಿತ್ತು. ಬ್ಯಾಟು ಅದರ ನೆತ್ತಿಗೆ ಬಡಿಯುತ್ತಿತ್ತೇ ಹೊರತು ಹೊಟ್ಟೆಗೆ ಬಡಿಯುತ್ತಿರಲಿಲ್ಲ. ಮಿಲ್‌ಬ್ರಿಜ್ ತಂಡದವರು ಒಂದೇ ಸಂಜೆ ನಾಲ್ಕು ಬ್ಯಾಟು ಮುರಿದುಕೊಂಡು ನಮ್ಮನ್ನೇ ಬೈದುಕೊಂಡು ಹೋಗಿದ್ದರು. ಅಂಥ ಚೆಂಡು ಆಕಾಶಕ್ಕೆ ಹಾರದು, ನೆಲದಲ್ಲಿ ಉರುಳುತ್ತದೆ. ಆದರೆ ಉರುಳಿದ್ದನ್ನು ಯಾರಾದರೂ ಬಗ್ಗಿ ಎತ್ತಬೇಕಲ್ಲ. ಮೂರಕ್ಕೆ ಎರಡು ಚೆಂಡು ಉರುಳಿ ಹೋಗುತ್ತಿದ್ದದ್ದು ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ಕಾಯುವ ನಮ್ಮ ಶಾರ್ಟ್‌ಸ್ಟಾಪ್ ಹಾಯ್ಟ್ ಲಾಯಿಂಗನ ಕಡೆಗೆ.

ಇಷ್ಟು ಹೇಳುವಷ್ಟರಲ್ಲಿ ಗ್ರೇಡಿ ಕುರ್ಚಿಯಲ್ಲೇ ತಲೆ ತಿರುಗಿಸಿದ.

"ಹಾಯ್ಟ್ ಮೇಲೆ ಈ ವರ್ಷ ಎಷ್ಟು ತಪ್ಪು ಬರೆದಿದ್ದೀಯ? ನಾಲ್ಕು. ಇಡೀ ಲೀಗಿನಲ್ಲಿ ಅಷ್ಟು ಶುದ್ಧ ಕೈ ಇನ್ನೊಂದಿಲ್ಲ ಅಂತ ನಿನ್ನ ಹಾಳೇನೇ ಹೇಳುತ್ತೆ. ಮತ್ತೆ ಆ ಚೆಂಡೆಲ್ಲ ಏನಾಯ್ತು? ಹಿಟ್ ಆಯ್ತು. ಸ್ಟ್ಯಾಂಪರ್ ಹೊಡೆಸಿಕೊಂಡ. ಬರೆದೋರು ಯಾರು ಮಾರಾಯ, ನಾನಾ ನೀನಾ?"

ನಾನು ಬಿಸಿ ಬಟ್ಟೆ ಹಿಂಡಿ ಅವನ ಮುಖ ಮುಚ್ಚಿದೆ. ಎದುರಿನವನ ಬಾಯಿ ಮುಚ್ಚಿಸುವುದಕ್ಕೆ ನಮ್ಮ ಕಸುಬಿನಲ್ಲಿರುವ ಅನುಕೂಲ ಅದೊಂದೇ.

ನಿಜವನ್ನು ಇನ್ನಾದರೂ ಹೇಳಬೇಕು. ಚೆಂಡು ಸರಿಯಾಗಿ ಹೊಡೆತ ತಿಂದು ಯಾರ ಕೈಗೂ ಸಿಗದೆ ಹೋದರೆ ಅದು ಹಿಟ್, ಪಿಚರನ ತಲೆಗೆ. ಕೈಗೆ ಬಂದದ್ದನ್ನು ಕಾಯುವವನು ಕೆಡಿಸಿದರೆ ಅದು ತಪ್ಪು, ಅವನ ತಲೆಗೆ. ಅದರಿಂದ ಬಂದ ಓಟವನ್ನು ಪಿಚರನ ಮೇಲೆ ಹಾಕುವುದಿಲ್ಲ. ಯಾವುದು ಯಾವುದೆಂದು ಹೇಳುವವನು ಲೆಕ್ಕ ಬರೆಯುವವನು, ಅವನ ಮೇಲೆ ಇನ್ನೊಬ್ಬರಿಲ್ಲ. ನಮ್ಮ ಮೈದಾನದಲ್ಲಿ ಅದನ್ನು ತಿಳಿಸುವುದಕ್ಕೆ ನಾನು ಗೂಡಿನಿಂದ ಬಟ್ಟೆ ತೋರಿಸುತ್ತಿದ್ದೆ. ಬಿಳಿ ಅಂದರೆ ಹಿಟ್, ಕೆಂಪು ಅಂದರೆ ತಪ್ಪು. ಜನರೂ ನೋಡುತ್ತಿದ್ದರು, ಆಟಗಾರರೂ ನೋಡುತ್ತಿದ್ದರು.

ಹಾಯ್ಟ್ ನಮ್ಮೂರ ಹುಡುಗ. ನೂಲುವ ವಿಭಾಗದ ಮಿಸ್ ಲೂಡಿಯ ಒಬ್ಬನೇ ಮಗ. ಯುದ್ಧಕ್ಕೆ ಮೊದಲು ಅವನು ಚೆಂಡಿನ ಹಿಂದೆ ಹೋಗುವುದನ್ನು ನೋಡಿದರೆ ಬೆಕ್ಕೂ ನಾಚಬೇಕು. ಇಟಲಿಯಲ್ಲಿ ಮಂಡಿಯೊಳಗೆ ಕಬ್ಬಿಣದ ಚೂರು ಕೂತಿತು. ಎರಡು ವರ್ಷ ಆಸ್ಪತ್ರೆ, ಆಮೇಲೆ ಊರು. ಈ ಮೇ ತಿಂಗಳ ಮೊದಲ ಆಟದಲ್ಲಿ ಅವನು ತನ್ನ ಹಳೇ ಜಾಗಕ್ಕೆ ನಡೆದು ಹೋದಾಗ ಊರಿಗೆ ಊರೇ ಎದ್ದು ನಿಂತಿತ್ತು. ಮೂರನೇ ಸರದಿಯಲ್ಲಿ ಮಕ್ಕಳು ಹಿಡಿಯುವಂಥ ಚೆಂಡೊಂದು ಅವನ ಎರಡು ಕಾಲಿನ ನಡುವೆ ಹೋಯಿತು. ಯಾರೂ ಕೂಗಲಿಲ್ಲ. ಇಗರ್ಜಿಯಲ್ಲಿ ಪಾದ್ರಿ ಸಾಲು ಮರೆತಾಗ ಆಗುತ್ತದಲ್ಲ, ಅಂಥ ಮೌನ. ಆಮೇಲೆ ಒಬ್ಬೊಬ್ಬರೇ ಕತ್ತೆತ್ತಿ ಗೂಡಿನ ಕಡೆ ನೋಡಿದರು. ಮಿಸ್ ಲೂಡಿಯೂ ನೋಡಿದಳು. ನನ್ನ ಕೈಗೆ ಬಿಳಿ ಬಂತು.

ಚಪ್ಪಾಳೆ ಬಿತ್ತು. ಆ ದಿನ ನನ್ನಷ್ಟು ಒಳ್ಳೆಯವನು ಊರಲ್ಲಿ ಇನ್ನೊಬ್ಬನಿರಲಿಲ್ಲ. ಮಾರನೇ ದಿನ ಮಿಸ್ ಲೂಡಿ ಪೀಚ್ ಹಣ್ಣಿನ ಕಡುಬು ತಂದುಕೊಟ್ಟಳು, ಯಾಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಲ ಬಿಳಿ ಎತ್ತಿದವನಿಗೆ ಎರಡನೇ ಸಲ ಸುಲಭ. ಆಗಸ್ಟ್ ಬರುವಷ್ಟರಲ್ಲಿ ಸ್ಟ್ಯಾಂಪರನ ಆಟಗಳಲ್ಲೇ ಅಂಥವು ಮೂವತ್ತೊಂದಾಗಿದ್ದವು. ಮೊದಲ ಸಲ ಸ್ಟ್ಯಾಂಪರನೂ ತಾನು ಎಸೆಯುವ ದಿಬ್ಬದ ಮೇಲಿಂದ ಗೂಡಿನ ಕಡೆ ನೋಡಿದ್ದ. ಆಮೇಲೆ ಎಂದೂ ನೋಡಲಿಲ್ಲ. ಹೊರಗಿನವನು, ಮಾತು ಕಡಿಮೆ, ಅಂದುಕೊಂಡು ಸುಮ್ಮನಾದೆ. ನನಗೂ ಅದೇ ಬೇಕಾಗಿತ್ತೋ ಏನೋ.

ಗುರುವಾರ ಕೆಸ್ಲರ್ ಬಂದರು. ಅರವತ್ತು ದಾಟಿದವರು, ಹುಲ್ಲಿನ ಟೋಪಿ, ಒಂದು ಕಾಲದಲ್ಲಿ ಚೆಂಡು ಹಿಡಿದು ಹಿಡಿದು ಸೊಟ್ಟಗಾದ ಬೆರಳು. ಕೆಳಗೆ ಬಿಸಿಲು ಅಂತ ಏಣಿ ಹತ್ತಿ ನನ್ನ ಗೂಡಿಗೇ ಬಂದು ಪಕ್ಕದಲ್ಲಿ ಕೂತರು. ಕೋಲಾ ಬಾಟಲಿಯೊಳಗೆ ಉಪ್ಪು ಶೇಂಗಾ ಸುರಿದುಕೊಂಡು ಕುಡಿಯುತ್ತ, ಆರು ಸರದಿ ಮುಗಿಯುವ ತನಕ ಆಡಿದ್ದು ಒಂದೇ ಮಾತು. "ಚೆಂಡು ಬೀಳುತ್ತೆ," ಅಂದರು, ತಮಗೇ ಹೇಳಿಕೊಳ್ಳುವ ಹಾಗೆ. ನನ್ನ ಎದೆಯೊಳಗೆ ಅವತ್ತು ಹಬ್ಬ. ಎದುರಿನವರು ಕೈ ಒದರುತ್ತ ಓಡುತ್ತಿದ್ದರು, ನಮ್ಮದು ಒಂದು ಓಟ, ಅವರದು ಸೊನ್ನೆ.

ಏಳನೆಯದರಲ್ಲಿ ಅವರ ಇಬ್ಬರು ಎರಡನೇ, ಮೂರನೇ ಬೇಸು ಸೇರಿದ್ದರು. ಇಬ್ಬರು ಔಟಾಗಿದ್ದರು, ಇನ್ನೊಬ್ಬ ಆದರೆ ಸರದಿ ಮುಗಿಯಿತು. ಸ್ಟ್ಯಾಂಪರ್ ಎಸೆದ, ಬ್ಯಾಟು ಬುಡಕ್ಕೇ ಮುರಿಯಿತು, ಚೆಂಡು ಕುಂಟುತ್ತ ಹಾಯ್ಟ್ ಹತ್ತಿರ ಉರುಳಿತು. ಅವನು ಕದಲಬೇಕಾದದ್ದು ಎರಡೇ ಹೆಜ್ಜೆ. ಮಂಡಿ ಬಗ್ಗಲಿಲ್ಲ. ಚೆಂಡು ಕೈಗವಸಿನ ಅಂಚಿಗೆ ತಾಗಿ ಹಿಂದಕ್ಕೆ ಹೋಯಿತು. ಇಬ್ಬರೂ ಓಡಿ ಬಂದರು. ಅವರದು ಎರಡು, ನಮ್ಮದು ಒಂದು.

ಎಲ್ಲರೂ ಕತ್ತೆತ್ತಿದರು. ಬಿಳಿ ನನ್ನ ತೊಡೆಯ ಮೇಲೇ ಇತ್ತು. ಕೆಂಪು ಎಲ್ಲಿದೆಯೆಂದು ಹುಡುಕಬೇಕಾಯಿತು, ಪೆನ್ಸಿಲಿನ ಡಬ್ಬಿಯ ಅಡಿಯಲ್ಲಿತ್ತು. ಅದನ್ನು ಎತ್ತಿದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕೆಳಗಿಂದ ಒಬ್ಬ, "ಎಲ್ಬರ್ಟ್, ಕತ್ತರಿ ಜೊತೆ ಕಣ್ಣನ್ನೂ ಅಂಗಡೀಲೇ ಬಿಟ್ಟು ಬಂದ್ಯೇನೋ," ಅಂದ. ಇನ್ನೊಬ್ಬ, ಈ ಕ್ಷೌರದವನ ಕಾಲಿಗೂ ಒಂದು ಚೂರು ಕಬ್ಬಿಣ ಹೊಡೀಬೇಕು ಅಂದ. ಮಿಸ್ ಲೂಡಿ ಗಾಳಿ ಹಾಕಿಕೊಳ್ಳುತ್ತಿದ್ದ ಬೀಸಣಿಗೆ ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಹಾಯ್ಟ್ ಗೂಡನ್ನು ನೋಡಿದ, ಮಂಡಿ ಒತ್ತಿಕೊಂಡು ಮತ್ತೆ ತನ್ನ ಜಾಗದಲ್ಲಿ ಬಗ್ಗಿ ನಿಂತ. ಸ್ಟ್ಯಾಂಪರ್ ಮಾತ್ರ ತಿರುಗಿಯೂ ನೋಡದೆ, ಕೈಗೆ ರಾಳದ ಪುಡಿ ಸವರಿಕೊಂಡು ಮುಂದಿನವನಿಗೆ ಎಸೆಯಲು ನಿಂತಿದ್ದ. ಆಮೇಲಿನ ಸರದಿಗಳಲ್ಲಿ ಯಾರಿಗೂ ಓಟ ಬರಲಿಲ್ಲ, ಆಟ ಅಷ್ಟಕ್ಕೇ ಮುಗಿಯಿತು. ಅದು ಹತ್ತೊಂಬತ್ತನೆಯ ಸೋಲು.

ಜನ ಇಳಿದು ಹೋದ ಮೇಲೂ ಕೆಸ್ಲರ್ ಏಳಲಿಲ್ಲ. ನನ್ನ ಹಾಳೆಗಳ ಕಟ್ಟು ಕೇಳಿ ಪಡೆದು ಸೊಟ್ಟ ಬೆರಳಲ್ಲಿ ಒಂದೊಂದೇ ತಿರುವಿದರು. ಈ ಶಾರ್ಟ್‌ಸ್ಟಾಪಿಗೆ ಈ ವರ್ಷ ಎಷ್ಟು ಕೆಂಪು ಎಂದು ಕೇಳಿದರು. ಇವತ್ತಿನದೂ ಸೇರಿ ಐದು ಅಂದೆ.

"ಆ ಮಂಡಿ ನೋಡಿದರೆ ನಲವತ್ತಾದರೂ ಇರಬೇಕಿತ್ತು," ಅಂದರು.

ಆಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಮೇ ತಿಂಗಳು, ಮೌನ, ಕಡುಬು, ಮೂವತ್ತೊಂದು. ಯಾವ ಆಟ, ಯಾವ ಸರದಿ, ಯಾವ ಚೆಂಡು, ಎಲ್ಲ ಬಾಯಿಪಾಠವಿತ್ತು. ಅವನ್ನು ತೆಗೆದು ನೋಡಿದರೆ ಈ ಲೀಗಿನಲ್ಲಿ ಸ್ಟ್ಯಾಂಪರನಿಗಿಂತ ಕಡಿಮೆ ಓಟ ಬಿಟ್ಟುಕೊಟ್ಟ ಪಿಚರ್ ಇಲ್ಲ, ಬರೆದು ಸಹಿ ಹಾಕಿಕೊಡುತ್ತೇನೆ, ನಿಮ್ಮವರಿಗೆ ತೋರಿಸಿ ಅಂದೆ. ಅವರು ಕೇಳಿಸಿಕೊಂಡರು. ಬಾಟಲಿಯ ತಳದಲ್ಲಿ ಉಳಿದ ಶೇಂಗಾವನ್ನು ಬಡಿದು ಬಾಯಿಗೆ ಹಾಕಿಕೊಂಡರು.

"ನೋಡಿ, ಹಾಳೆ ಕೆಟ್ಟದಾಗಿದ್ದರೆ ನಾನು ಜಗಳ ಆಡಬಲ್ಲೆ. ಆರು ಗೆಲುವಿನವನಿಗೋಸ್ಕರ ಹಿಂದೆಯೂ ಆಡಿದ್ದೀನಿ, ಗೆದ್ದಿದ್ದೀನಿ. ಸೋಲು ಪಿಚರನದ್ದಲ್ಲ, ಯಾವ ಓಟ ಯಾರ ತಪ್ಪಿಂದ ಬಂತು ಅಂತ ಬರೆದಿರೋ ಕೆಳಗಿನ ಸಾಲು ನೋಡಿ ಅಂತ ಅವರ ಮುಂದೆ ಬೆರಳಿಟ್ಟು ತೋರಿಸ್ತೀನಿ. ನೀವು ಕೆಡಿಸಿರೋದು ಆ ಕೆಳಗಿನ ಸಾಲನ್ನೇ."

"ಅದಕ್ಕೇ ಅಲ್ವಾ ಬರೆದುಕೊಡ್ತೀನಿ ಅಂದಿದ್ದು," ಅಂದೆ.

"ಇಷ್ಟು ದಿನ ಒಬ್ಬನಿಗೋಸ್ಕರ ಬಿಳಿ ಎತ್ತಿದ್ರಿ. ಇವತ್ತು ನಾನು ಪಕ್ಕದಲ್ಲಿ ಕೂತಿದ್ದೀನಿ ಅಂತ ಇನ್ನೊಬ್ಬನಿಗೋಸ್ಕರ ಕೆಂಪು ಎತ್ತಿದ್ರಿ. ಹಾಳೆ ಸುಳ್ಳು ಅಂತ ನಾನು ಹೋಗಿ ಹೇಳಿದ್ರೆ, ಯಾರು ಹೇಳಿದ್ದು ಅಂತಾರೆ. ಬರೆದೋನೇ ಹೇಳಿದ ಅಂತೀನಿ. ಅವರು ನಗ್ತಾರೆ. ಅವರ ಜಾಗದಲ್ಲಿದ್ರೆ ನಾನೂ ನಗ್ತಿದ್ದೆ."

ಇವತ್ತಿನದನ್ನು ನೀವೇ ಕಣ್ಣಾರೆ ನೋಡಿದಿರಲ್ಲ ಎಂದೆ. ನೋಡಿದೆ, ಅಂದರು. ತೋಳು ಚೆನ್ನಾಗಿದೆ, ತನ್ನ ಮಾತೇ ಕೊನೆಯ ಮಾತಾಗಿದ್ದರೆ ಇವತ್ತೇ ಕರೆದೊಯ್ಯುತ್ತಿದ್ದೆ, ಆದರೆ ತಾನು ಕಂಡದ್ದು ಒಂದು ಸಂಜೆ, ಮೇಲಿನವರು ಕೇಳುವುದು ಇಡೀ ಬೇಸಿಗೆ. ನಾಳೆ ಮಿಲ್‌ಬ್ರಿಜ್‌ಗೆ ಹೋಗಿ ಅಲ್ಲಿಯ ಹದಿನಾಲ್ಕು ಗೆಲುವಿನ ಹುಡುಗನನ್ನು ನೋಡುತ್ತೇನೆ ಅಂದರು. ಅವನ ಚೆಂಡು ಬೀಳುವುದಿಲ್ಲ, ಅವನ ಶಾರ್ಟ್‌ಸ್ಟಾಪ್ ಒಳ್ಳೆಯವನು, ಅದು ತನಗೂ ಗೊತ್ತು. ಆದರೆ ಅವನ ಹಾಳೆಯ ಮೇಲೆ ಯಾರೂ ಬೆರಳಿಡುವ ಹಾಗಿಲ್ಲ. ಇಷ್ಟು ಹೇಳಿ, ಏಣಿಯ ಪ್ರತಿ ಮೆಟ್ಟಿಲನ್ನೂ ಕಾಲಲ್ಲಿ ತಡವಿ ತಡವಿ ಇಳಿದು ಹೋದರು.

ಆದರೂ ನಾನು ಲೀಗಿನ ಕಚೇರಿಗೆ ಬರೆದೆ. ಮೂವತ್ತೊಂದನ್ನೂ ದಿನಾಂಕ ಸಮೇತ. ಬಹಳ ದಿನವಾದ ಮೇಲೆ ಉತ್ತರ ಬಂತು. ಆಟ ಮುಗಿದು ಒಂದು ದಿನ ಕಳೆದ ಮೇಲೆ ಯಾವ ತೀರ್ಪನ್ನೂ ಬದಲಿಸುವುದಿಲ್ಲ, ಲೆಕ್ಕ ಬರೆಯುವ ಕೆಲಸಕ್ಕೆ ಇನ್ನು ನಿಮ್ಮ ಅಗತ್ಯವಿಲ್ಲ. ಹಾಯ್ಟ್ ಉತ್ತರಕ್ಕೆ ಕಾಯಲಿಲ್ಲ. ನಾನು ಬರೆದ ಸುದ್ದಿ ಶುಕ್ರವಾರವೇ ಅಂಚೆ ಕಚೇರಿಯಿಂದ ಊರಿಗೆ ಹರಡಿತ್ತು, ಶನಿವಾರ ಬೆಳಿಗ್ಗೆ ಅವನು ತಂಡದ ಅಂಗಿಯನ್ನು ಒಗೆದು ಮಡಿಸಿ ಗ್ರೇಡಿಯ ಮೇಜಿನ ಮೇಲಿಟ್ಟು ಹೋದ. ಅದೇ ಶನಿವಾರ ಸಂಜೆ ಗ್ರೇಡಿ ಸ್ಟ್ಯಾಂಪರನ ಹೆಸರು ಹೊಡೆದ. ಒಬ್ಬನನ್ನು ಉಳಿಸಲು ಇನ್ನೊಬ್ಬನನ್ನು ಕೆಡಿಸಿದವನು, ಕೊನೆಗೆ ಇಬ್ಬರನ್ನೂ ಉಳಿಸಲಿಲ್ಲ. ಅಂಗಡಿಯ ಬೆಂಚು ಆ ವಾರ ಖಾಲಿ. ನಮ್ಮೂರ ಗಂಡಸರು ಗಡ್ಡ ಬಿಡಬಲ್ಲರು ಅಂತ ನನಗೆ ಅದುವರೆಗೆ ಗೊತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಬಂದವನು ಸ್ಟ್ಯಾಂಪರ್ ಒಬ್ಬನೇ. ಟೋಪಿ ತೆಗೆದು ಗೂಟಕ್ಕೆ ಹಾಕಿ ಕುರ್ಚಿಯಲ್ಲಿ ಕೂತ. ಎಂದಿನಂತೆ ಅಲ್ಲವೇ ಎಂದು ಕೇಳಿದೆ.

"ಬುಡಕ್ಕೆ ತೆಗೀರಿ ಮಿಸ್ಟರ್ ಎಲ್ಬರ್ಟ್. ಕಾರ್ಡ್ ರೂಮಲ್ಲಿ ಹತ್ತಿ ಕೂದಲಿಗೆ ಹಿಡ್ಕೊಂಡ್ರೆ ಬಿಡಲ್ವಂತೆ. ಮೂರು ಗಂಟೆ ಪಾಳಿ."

ಮಷಿನ್ನು ಹಿಡಿದು ಹಿಂದಿನಿಂದ ಶುರುಮಾಡಿದೆ. ಎದುರು ನಿಂತು ಹೇಳಲಾಗದ್ದನ್ನು ಹಿಂದೆ ನಿಂತು ಹೇಳಬಹುದು. ಮೂವತ್ತೊಂದರ ಕಥೆ ಅವನಿಗೂ ಹೇಳಿದೆ. ಕನ್ನಡಿಯಲ್ಲಿ ಅವನ ಮುಖ ಬದಲಾಗಲಿಲ್ಲ.

"ಗೊತ್ತಿತ್ತು," ಅಂದ. "ಮೊದಲನೇ ಸಲ ನಾನಾಗಿದ್ರೂ ಬಿಳೀನೇ ಎತ್ತುತಿದ್ದೆ. ಆಮೇಲೆ ಎಣಿಸ್ಕೊಂಡು ಬಂದೆ. ನೀವು ಮೂವತ್ತೊಂದು ಅಂತೀರಿ, ನನ್ನ ಲೆಕ್ಕಕ್ಕೆ ಮೂವತ್ನಾಲ್ಕು."

ಯಾಕೆ ಬಂದು ಕೇಳಲಿಲ್ಲ ಅಂದೆ.

"ಕೇಳಿ? ಕಾಲು ಕೊಟ್ಟು ಬಂದವನ ಮೇಲೆ ಕೆಂಟಕಿಯೋನು ದೂರು ಹೇಳ್ದ ಅಂತಾಗುತಿತ್ತು. ನಲ್ಲಿ ಹತ್ರ ಓಪಲ್‌ನ ಯಾರು ಮಾತಾಡಿಸ್ತಿದ್ರು ಹೇಳಿ. ಹೆರಿಗೆಗೆ ಯಾರು ಬರ್ತಿದ್ರು?" ತೊಡೆಯ ಮೇಲೆ ಬಿದ್ದ ಕೂದಲು ಕೊಡವಿ, "ಮಿಸ್ ಲೂಡಿ ಬರ್ತೀನಿ ಅಂದಿದ್ಲು. ಈಗ ಬರಲ್ವೇನೋ," ಅಂದ.

ನಾನು ಕಿವಿಯ ಹಿಂದೆ ಕತ್ತಿ ಆಡಿಸುತ್ತಿದ್ದೆ. ತಲೆ ಬೋಳಾದಂತೆ ಅವನು ಇನ್ನೂ ಚಿಕ್ಕವನಾಗಿ ಕಾಣುತ್ತಿದ್ದ, ಇಪ್ಪತ್ತೇಳು ವರ್ಷ ಅಷ್ಟೇ. ಅವನು ಒಮ್ಮೆ ಕೆಮ್ಮಿದ, ಕತ್ತಿ ಎತ್ತಿ ಹಿಡಿದು ಮುಗಿಯಲೆಂದು ಕಾದೆ.

"ಒಂದು ಮಾತು ಕೇಳ್ತೀನಿ," ಅಂದ ಆಮೇಲೆ. "ಹಾಳೆ ಬಿಟ್ಟು ಹೇಳಿ. ನಾನು ಚೆನ್ನಾಗಿ ಎಸೀತಿದ್ನಾ?"

"ಹನ್ನೊಂದು ವರ್ಷದಲ್ಲಿ ಆ ದಿಬ್ಬದ ಮೇಲೆ ನಿಂತೋರ ಪೈಕಿ ನಿನ್ನಂಥವನನ್ನ ನಾನು ನೋಡಿಲ್ಲ ಕಣಪ್ಪ."

ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ.

"ಅದನ್ನ ಎಲ್ಲಾದ್ರೂ ಬರೆದಿದ್ದೀರಾ?"

"ಇಲ್ಲ," ಅಂದೆ.

ಗಿರಣಿಯ ಮೊದಲ ಸೀಟಿ ಕೂಗಿತು. ಕತ್ತಿನ ಕೂದಲು ಒರೆಸಲು ನಾನು ಬ್ರಷ್ ತೆಗೆದುಕೊಳ್ಳುವಷ್ಟರಲ್ಲಿ ಅವನು ಹೊದಿಕೆ ಕಳಚಿ ಎದ್ದು, ಟೋಪಿ ಹಾಕಿಕೊಂಡು ಹೊರಟಿದ್ದ. ಬಾಗಿಲಲ್ಲಿ ನಿಂತು ನೋಡಿದೆ. ಗೇಟಿನ ಮುಂದೆ ಹತ್ತಿ ಅಂಡಿಗೆ ಹೇರಿದ ಲಾರಿ ಅಡ್ಡ ಬಂತು, ಅವನು ರಸ್ತೆಯಂಚಿನಲ್ಲಿ ನಿಂತು ಅದು ದಾಟುವವರೆಗೆ ಕಾದ. ಲಾರಿ ಹೋದ ಮೇಲೆ ಎದ್ದ ಹತ್ತಿಯ ಬಿಳಿ ಎಳೆಗಳು ಅವನ ಸುತ್ತ ಇಳಿಯುತ್ತಿದ್ದವು. ಅವನು ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿ ಹಿಡಿದು, ಬೇಗ ಬೇಗ ಒಳಗೆ ನಡೆದ.